ವೆಲ್ಡಿಂಗ್ ಕಲಿಕೆ: ಹೈದರಾಬಾದಿನ ಐಟಿಐ ದಾರಿ

ಎರಡು ಲೋಹದ ತುಂಡುಗಳ ಅಂಚನ್ನು ಕರಗಿಸಿ, ಕರಗಿದ್ದು ಬೆರೆತು ಆರಿದಾಗ ಒಂದೇ ತುಂಡಾಗುವಂತೆ ಮಾಡುವ ಕೆಲಸ ವೆಲ್ಡಿಂಗ್. ಹೈದರಾಬಾದಿನಲ್ಲಿ ಈ ಕೆಲಸ ಬಲ್ಲವರು ಎಲ್ಲೆಡೆ ಬೇಕು: ಬಾಲಾನಗರ, ಜೀಡಿಮೆಟ್ಲ, ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ, ರಾಮಚಂದ್ರಾಪುರದ ಬಿಎಚ್‌ಇಎಲ್‌ನಲ್ಲಿ, ಗಲ್ಲಿಯ ಗೇಟು-ಗ್ರಿಲ್ಲಿನ ಅಂಗಡಿಗಳಲ್ಲಿ. ಕನ್ನಡಿಗರಿಗೂ ಈ ಊರು ಹೊರಗಿನದಲ್ಲ: 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬೀದರಿನವರಿಗೆ ಇವತ್ತಿಗೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಅಂಗಡಿಯಲ್ಲಿ ಉಸ್ತಾದನ ಪಕ್ಕ ನಿಂತು ಕಲಿಯುವುದು ಹಳೆಯ ದಾರಿ. ಕೇಂದ್ರ ಸರ್ಕಾರ 1950ರಲ್ಲಿ ಶುರುಮಾಡಿದ ಕುಶಲಕರ್ಮಿ ತರಬೇತಿ ಯೋಜನೆ ಇನ್ನೊಂದು ದಾರಿ ತೆರೆಯಿತು. ಮಲ್ಲೇಪಲ್ಲಿಯ ಸರ್ಕಾರಿ ಐಟಿಐಯಂಥ ಕೈಗಾರಿಕಾ ತರಬೇತಿ ಸಂಸ್ಥೆಗಳು ನಡೆಯುವುದು ಈ ಯೋಜನೆಯಡಿ. ವೆಲ್ಡರ್ ಟ್ರೇಡಿನ ಅವಧಿ ಒಂದು ವರ್ಷ. ಎಂಟನೇ ತರಗತಿ ಪಾಸಾದವರೂ ಸೇರಬಹುದು. ಪಠ್ಯಕ್ರಮ ದೇಶಕ್ಕೆಲ್ಲ ಒಂದೇ ಆದ್ದರಿಂದ ಇಲ್ಲಿ ಪಡೆದ ಪ್ರಮಾಣಪತ್ರ ಕರ್ನಾಟಕದಲ್ಲೂ ನಡೆಯುತ್ತದೆ.

ಮೊದಲ ದಿನಗಳಲ್ಲಿ ಕಿಡಿ ಹಾರುವುದಿಲ್ಲ. ಗರಗಸದಲ್ಲಿ ಎಂ.ಎಸ್. (ಮೆದು ಉಕ್ಕಿನ) ಪ್ಲೇಟು ಕೊಯ್ಯುವುದು, ಅಂಚಿಗೆ ಅರ ಹಾಕುವುದು, ಅಳತೆಗೆ ಗುರುತು ಮಾಡುವುದು ಮೊದಲ ಪಾಠ. ಉತ್ಸಾಹದಿಂದ ಬಂದ ಹುಡುಗರಿಗೆ ಇದು ಬೇಸರ ತರಿಸುವುದುಂಟು. ಆದರೆ ತುಕ್ಕು, ಎಣ್ಣೆ, ಬಣ್ಣ ಉಳಿದ ಅಂಚಿನ ಮೇಲೆ ಹಾಕಿದ ವೆಲ್ಡಿನಲ್ಲಿ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಎಷ್ಟೋ ಜೋಡಣೆಗಳು ಕೆಡುವುದು ವೆಲ್ಡಿಂಗ್ ರಾಡ್ ಮುಟ್ಟುವ ಮೊದಲೇ.

ಸುರಕ್ಷತೆಯ ಪಾಠವೂ ಆಗಲೇ ನಡೆಯುತ್ತದೆ. ರಾಡಿಗೂ ಲೋಹಕ್ಕೂ ನಡುವೆ ಹತ್ತುವ ವಿದ್ಯುತ್ ಜ್ವಾಲೆಯಾದ ಆರ್ಕಿನ ಬೆಳಕಿನಲ್ಲಿ ಅತಿನೇರಳೆ ಕಿರಣಗಳಿರುತ್ತವೆ. ಬರಿಗಣ್ಣಿಗೆ ಅದು ಬಿದ್ದರೆ ಆ ಕ್ಷಣ ಏನೂ ಅನ್ನಿಸದಿರಬಹುದು. ಕೆಲವು ಗಂಟೆಗಳ ಮೇಲೆ, ಸಾಮಾನ್ಯವಾಗಿ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ ಹತ್ತುತ್ತದೆ. ಇದಕ್ಕಾಗಿಯೇ 10 ಅಥವಾ 11ನೇ ಶೇಡಿನ ಗಾಜಿರುವ ಶೀಲ್ಡ್ ಬೇಕು, ಪಕ್ಕದಲ್ಲಿ ನಿಂತವರಿಗೂ ಮರೆ ಬೇಕು. ಟೆರಿಲಿನ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹೈದರಾಬಾದಿನ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲೂ ದಪ್ಪ ಹತ್ತಿ ಬಟ್ಟೆ, ಚರ್ಮದ ಕೈಗವಸು, ಏಪ್ರನ್ ತಪ್ಪಿಸುವಂತಿಲ್ಲ. ಬೆವರಿಗೆ ನೆನೆದ ಕೈಗವಸನ್ನು ಮಾತ್ರ ಬದಲಿಸಲೇಬೇಕು. ಆರ್ಕ್ ಹತ್ತುವ ಮೊದಲು ಹೋಲ್ಡರಿನಲ್ಲಿರುವ 60ರಿಂದ 80 ವೋಲ್ಟ್ ಒದ್ದೆ ಮೈಗೆ ಅಪಾಯ. ಸತು ಲೇಪಿಸಿದ ಜಿ.ಐ. ಪೈಪಿನ ಹೊಗೆ ಜ್ವರ ಬರಿಸುತ್ತದೆ. ಅಂಥ ಪೈಪಿನ ಲೇಪವನ್ನು ಮೊದಲೇ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡಬೇಕು.

ಕಲಿಕೆಯ ನಿಜವಾದ ಕಷ್ಟ ಆರ್ಕ್ ಹತ್ತಿಸುವಲ್ಲಿಂದ ಆರಂಭ. ರಾಡಿನ ತುದಿಯನ್ನು ಪ್ಲೇಟಿಗೆ ಗೀರಿ ಅಥವಾ ತಟ್ಟಿ, ಕೂಡಲೇ ತುಸು ಎತ್ತಬೇಕು. ಎತ್ತುವುದು ತಡವಾದರೆ ರಾಡ್ ಅಂಟುತ್ತದೆ, ಹೆಚ್ಚಾದರೆ ಆರ್ಕ್ ಆರುತ್ತದೆ. ನಡುವಿನ ಅಂತರ ಸುಮಾರಾಗಿ ರಾಡಿನ ಒಳತಂತಿಯ ದಪ್ಪದಷ್ಟು. ಕಲಿಯುವವರಿಗೆ ಸಾಮಾನ್ಯವಾಗಿ ಕೊಡುವ 3.15 ಮಿ.ಮೀ.ನ, 6013 ಎಂಬ ಬಗೆಯ ರಾಡಿಗೆ 90ರಿಂದ 130 ಆಂಪಿಯರ್ ಕರೆಂಟ್ ಸಾಕು. ಕಡಿಮೆಯಾದರೆ ಲೋಹ ಒಳಗಿಳಿಯದೆ ಮೇಲೆಯೇ ಗಡ್ಡೆಕಟ್ಟುತ್ತದೆ. ಹೆಚ್ಚಾದರೆ ಕಿಡಿ ಚೆಲ್ಲಿ, ಅಂಚು ಕೊರೆದು, ತೆಳು ಹಾಳೆಯಾದರೆ ತೂತೇ ಬೀಳುತ್ತದೆ. ಸರಿಯಾದ ಕರೆಂಟನ್ನು ಅನುಭವಿಗಳು ಮೀಟರಿಗಿಂತ ಮೊದಲು ಕಿವಿಯಿಂದ ಗುರುತಿಸುತ್ತಾರೆ. ಆಗ ಸಿಡಿತದ ಸದ್ದು ಒಂದೇ ಸಮನಾಗಿರುತ್ತದೆ.

ಹೊಸಬರ ನೋಟ ಹೋಗುವುದು ಆರ್ಕಿನ ಬೆಳಕಿಗೆ. ನೋಡಬೇಕಾದ್ದು ಅದರ ಹಿಂದೆ ಕರಗಿ ನಿಂತ ಲೋಹವನ್ನು. ಅದು ಎಷ್ಟು ಅಗಲ ಹರಡಿದೆ, ಎರಡೂ ಅಂಚುಗಳನ್ನು ಮುಟ್ಟಿದೆಯೇ, ತೇಲುವ ಸ್ಲ್ಯಾಗ್ (ರಾಡಿನ ಲೇಪ ಕರಗಿ ಆಗುವ ಕಿಟ್ಟ) ಹಿಂದೆ ಉಳಿಯುತ್ತಿದೆಯೇ ಅಥವಾ ಮುಂದಕ್ಕೆ ಹರಿದು ಒಳಗೆ ಸಿಕ್ಕಿಕೊಳ್ಳುತ್ತಿದೆಯೇ ಎಂಬುದನ್ನು ಕಂಡು ಕೈಯ ವೇಗ ತಿದ್ದಿಕೊಳ್ಳಬೇಕು. ಇದರ ಜೊತೆಗೆ ರಾಡ್ ಉರಿದು ಗಿಡ್ಡವಾಗುತ್ತಿರುತ್ತದೆ. ಕೈ ಮುಂದೆ ಸಾಗುತ್ತಲೇ ಅಷ್ಟಷ್ಟೇ ಕೆಳಗಿಳಿಯಬೇಕು, ಓರೆಯೂ ಕೆಡಬಾರದು. ವಿವರಿಸಿ ಹೇಳಿದ ಮಾತ್ರಕ್ಕೆ ಬರುವ ವಿದ್ಯೆಯಲ್ಲ ಇದು. ಹಳೆಯ ಪ್ಲೇಟಿನ ಮೇಲೆ ಸಾಲು ಸಾಲು ಬೀಡ್ (ವೆಲ್ಡಿನ ಗೆರೆ) ಎಳೆಸುವುದಕ್ಕೆ ಕಾರಣ ಇಷ್ಟೇ. ಪ್ರತಿ ಸಾಲಿನ ಸ್ಲ್ಯಾಗ್ ಕುಟ್ಟಿ, ತಂತಿ ಬ್ರಶ್ಶಿನಿಂದ ಉಜ್ಜಿದಾಗ ಕೈ ತಡವರಿಸಿದ ಜಾಗ ಎದ್ದು ಕಾಣುತ್ತದೆ.

ಸಮತಲ ಪಳಗಿದ ಮೇಲೆ ಅಡ್ಡ, ನಿಲುವು, ತಲೆಯ ಮೇಲಿನ ಜೋಡಣೆ. ನಿಲುವಿನಲ್ಲಿ ಕರಗಿದ ಲೋಹ ಜಾರುವುದರಿಂದ, ದಪ್ಪ ಪ್ಲೇಟನ್ನು ಕೆಳಗಿನಿಂದ ಮೇಲಕ್ಕೆ ಬೆಸೆಯುತ್ತಾರೆ. ಗಟ್ಟಿಯಾದ ಕೆಳಭಾಗವೇ ಮೇಲಿನದಕ್ಕೆ ಆಸರೆ. ಗ್ಯಾಸ್ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಅನಿಲದ ರಕ್ಷಣೆಯಲ್ಲಿ ಆರ್ಕ್ ಉರಿಸುವ ಮಿಗ್, ಟಿಗ್‌ಗಳೂ ಇದೇ ವರ್ಷದ ಪಾಠಗಳು. ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಿಲೀನಿನದು ಮರೂನ್. ಒಂದರ ಕೊಳವೆ ಇನ್ನೊಂದಕ್ಕೆ ತಪ್ಪಿಯೂ ಕೂರದಂತೆ ಅಸಿಟಿಲೀನಿನ ತಿರುಪನ್ನು ಎಡಕ್ಕೆ ತಿರುಗುವಂತೆ ಕೊರೆದಿರುತ್ತಾರೆ.

ಮೇಲ್ನೋಟಕ್ಕೆ ಅಂದವಾದ ಬೀಡ್ ಒಳಗೆ ಟೊಳ್ಳಿರಬಹುದು. ಹಾಗಾಗಿ ತರಗತಿಯಲ್ಲಿ ಬೆಸೆದ ತುಂಡನ್ನು ಬಗ್ಗಿಸಿ, ಮುರಿದು ಪರೀಕ್ಷಿಸುತ್ತಾರೆ. ಮುರಿದ ಮುಖದಲ್ಲಿ ಗುಳ್ಳೆ, ಸ್ಲ್ಯಾಗ್, ಬುಡದವರೆಗೆ ಕರಗದ ಅಂಚು ಎಲ್ಲವೂ ಬಯಲಾಗುತ್ತವೆ. ವರ್ಷದ ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ. ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ. ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆಯೊಂದಿಗೆ ತರಬೇತಿ ಪಡೆಯಬಹುದು. ಬಾಯ್ಲರ್, ಒತ್ತಡದ ಪೈಪುಗಳ ಕೆಲಸಕ್ಕೆ ಪ್ರಮಾಣಪತ್ರವೊಂದೇ ಸಾಲದು. 45 ಡಿಗ್ರಿ ಓರೆಯಾಗಿ ಕದಲದಂತೆ ಕಟ್ಟಿದ ಪೈಪನ್ನು ಸುತ್ತಲೂ ಬೆಸೆಯುವ 6ಜಿ ಪರೀಕ್ಷೆ ಅಲ್ಲಿ ಸಾಮಾನ್ಯ. ಲೋಹದ ಬಗೆಯೋ ವೆಲ್ಡಿಂಗ್ ವಿಧಾನವೋ ಬದಲಾದರೆ ಅನುಭವಿ ವೆಲ್ಡರನೂ ಹಲವು ಬಾರಿ ಹೊಸದಾಗಿ ಪರೀಕ್ಷೆ ಕೊಡಬೇಕಾಗುತ್ತದೆ.