ಕಂಪ್ಯೂಟರಿನಲ್ಲಿ ಎರೆಭೂಮಿಯ ಏರಿಳಿತ

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ವ್ಯತ್ಯಾಸ ಐದು ಮೀಟರೂ ಇಲ್ಲ. ಆದರೆ ನೆಲದ ಇಳಿಜಾರು ಸಾವಿರಕ್ಕೆ ಒಂದರಷ್ಟಿದ್ದರೆ, ನೀರು ಒಂದು ಮೀಟರ್ ಏರಿದಾಗ ಅದರ ಅಂಚು ಒಂದು ಕಿಲೋಮೀಟರ್ ಮುಂದೆ ಬರುತ್ತದೆ. ಬಸವನ ಬಾಗೇವಾಡಿ ಕಡೆಯ ನದಿದಂಡೆಯಲ್ಲಿ ಯಾರ ಹೊಲ ಮುಳುಗುತ್ತದೆ, ಯಾರದು ಉಳಿಯುತ್ತದೆ ಎಂದು ಹೇಳಲು ನೆಲದ ಸರಿಯಾದ ಪ್ರತಿರೂಪ ಬೇಕು.

ಈ ಪ್ರತಿರೂಪವನ್ನು ಈಗ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಎತ್ತರ ಅಳೆದ ಬಿಂದುಗಳನ್ನು ಮೂರು ಮೂರಾಗಿ ಜೋಡಿಸಿದರೆ ತ್ರಿಕೋನಗಳ ಬಲೆಯಾಗುತ್ತದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಚದರ ಮೀಟರಿಗೆ ಒಂದು ಬಿಂದು ಅಳೆದರೆಂದುಕೊಳ್ಳಿ. ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಬಿಂದು, ಸುಮಾರು 20 ಲಕ್ಷ ತ್ರಿಕೋನ! 100 ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಕಾಲುವೆ ಪಟ್ಟಿಗೆ 20 ಕೋಟಿ ತ್ರಿಕೋನಗಳು. ಇಷ್ಟನ್ನೂ ಒಂದೇ ಕಡತದಲ್ಲಿ ತುಂಬಿದರೆ ಒಳ್ಳೆಯ ಯಂತ್ರವೂ ತಡವರಿಸುತ್ತದೆ.

ಆದ್ದರಿಂದ ಪಟ್ಟಿಯನ್ನು ತುಂಡುಗಳಾಗಿ ಕತ್ತರಿಸಿ, ಅಂಚುಗಳು ಒಂದರ ಮೇಲೊಂದು ಸ್ವಲ್ಪ ಬರುವಂತೆ ಇಡುತ್ತಾರೆ. ಮೂಲ ಮಾದರಿ ಒಂದೇ ಕಡೆ ಇರುತ್ತದೆ. ವಿನ್ಯಾಸ ಮಾಡುವವರು ನಕಲು ತೆಗೆಯದೆ ಅದನ್ನೇ ಕರೆದು ನೋಡುತ್ತಾರೆ. ಪರದೆಯ ಮೇಲೆ ಗಡಿರೇಖೆಯಷ್ಟೇ ಕಂಡರೂ ಲೆಕ್ಕಕ್ಕೆ ಎಲ್ಲ ತ್ರಿಕೋನಗಳೂ ಒದಗುತ್ತವೆ.

ಕಷ್ಟದ ಕೆಲಸವೆಂದರೆ ಬಿಂದುಗಳನ್ನು ಕಡಿಮೆ ಮಾಡುವುದು. ಹತ್ತರಲ್ಲಿ ಒಂಬತ್ತನ್ನು ಕಣ್ಣುಮುಚ್ಚಿ ಅಳಿಸಿದರೆ ಸಿಂದಗಿಯ ಎರೆಹೊಲದ ಒಡ್ಡು, ಸಣ್ಣ ಹಳ್ಳ ಎರಡೂ ಮಾಯ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆಯುವ ಇಂಡಿ ಶಾಖಾ ಕಾಲುವೆಯಂಥದ್ದು ಇಂಥ ಎಷ್ಟೋ ಹಳ್ಳಗಳನ್ನು ದಾಟಬೇಕು. ಮಾದರಿಯಲ್ಲಿ ಹಳ್ಳವಿಲ್ಲದಿದ್ದರೆ ವಿನ್ಯಾಸದಲ್ಲಿ ಮೋರಿಯೂ ಇರದು. ಮೊದಲ ದೊಡ್ಡ ಮಳೆಗೆ ನೀರು ಹೊಲಕ್ಕೆ ನುಗ್ಗುತ್ತದೆ. ಟೀವಿ ಚಿತ್ರವನ್ನು ಕುಗ್ಗಿಸುವ ನಮಗೂ ಈ ಪಾಠ ಗೊತ್ತು: ಬರಿ ಆಕಾಶಕ್ಕೆ ಸ್ವಲ್ಪ ಮಾಹಿತಿ ಸಾಕು, ಮುಖದ ಗೆರೆಗಳಿಗೆ ಹೆಚ್ಚು ಬೇಕು. ಹಾಗೆಯೇ ಸಮತಟ್ಟಾದ ಹೊಲದ ನಡುವೆ ಬಿಂದುಗಳನ್ನು ಬಿಡಬಹುದು. ಹಳ್ಳದ ದಂಡೆ, ಒಡ್ಡಿನ ತಲೆ, ರಸ್ತೆಯಂಚುಗಳನ್ನು ಮುರಿಯದ ಗೆರೆಗಳಾಗಿ ಉಳಿಸಲೇಬೇಕು.

ಎಷ್ಟು ತಪ್ಪನ್ನು ಸಹಿಸಬಹುದು? ಹತ್ತು ಸಾವಿರಕ್ಕೆ ಒಂದರ ಇಳಿಜಾರಿನ ಕಾಲುವೆ ಒಂದು ಕಿಲೋಮೀಟರಿಗೆ ಇಳಿಯುವುದೇ 10 ಸೆಂಟಿಮೀಟರ್. ಅದಕ್ಕೇ ಕುಗ್ಗಿಸಿದ ಮಾದರಿಯನ್ನು ಮೂಲದೊಡನೆ ಕಳೆದು ನೋಡಿ, ವ್ಯತ್ಯಾಸ ಹೆಚ್ಚಾದಲ್ಲಿ ಬಿಂದುಗಳನ್ನು ಮರಳಿ ಸೇರಿಸುತ್ತಾರೆ. ಅನುಮಾನವಿದ್ದ ಕಡೆ ಅಳತೆಯ ಕೋಲು ಹಿಡಿದು ಹೊಲಕ್ಕೇ ಹೋಗುತ್ತಾರೆ.