ಕಲ್ಯಾಣಮಂಟಪದ ಹೊರಬಾಗಿಲು

ವಾರಣಾವತದ ಅರಗಿನ ಮನೆಯ ಕಥೆಯನ್ನು ಕೇಳದವರು ನಮ್ಮ ಗದಗ ಸೀಮೆಯಲ್ಲಿ ವಿರಳ. ಮನೆಗೆ ಬೆಂಕಿ ಬೀಳುವದಕ್ಕೆ ಬಹುಮುಂಚೆಯೇ ವಿದುರನು ಸುರಂಗ ತೋಡುವವನೊಬ್ಬನನ್ನು ಕಳಿಸಿ, ಪಾಂಡವರಿಗೆ ಹೊರಬೀಳುವ ದಾರಿಯನ್ನು ಸಿದ್ಧಪಡಿಸಿದ್ದನು. ದಾರಿಯನ್ನು ಬಲ್ಲ ಆರು ಜನರು ಬದುಕಿದರು. ಅದೇ ದಿನ ಔತಣಕ್ಕೆಂದು ಬಂದು ಅಲ್ಲಿಯೇ ಮಲಗಿದ ಬೇಡಿತಿಯೊಬ್ಬಳೂ ಅವಳ ಐವರು ಮಕ್ಕಳೂ ದಾರಿಯನ್ನರಿಯದೆ ಬೂದಿಯಾದರು. ಪಾಂಡವರು ಪಾರಾದುದನ್ನು ನಾವು ಹರ್ಷದಿಂದ ಕೇಳುತ್ತೇವೆ; ಆ ಅತಿಥಿಗಳ ಮರಣವನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತೇವೆ. ಆದರೆ ಮಗಳ ಮದುವೆಗೆಂದು ಊರನ್ನೇ ಕರೆಯುವ ಗೃಹಸ್ಥನು ನೆನೆಯಬೇಕಾದುದು ಆ ಅತಿಥಿಗಳನ್ನೇ. ಅತಿಥಿಗೆ ತಿಳಿಯದ ಬಾಗಿಲು ಇದ್ದೂ ಇಲ್ಲದಂತೆ.

ಹಿಂದೆ ನಮ್ಮಲ್ಲಿ ಮದುವೆಗಳು ಮನೆಯ ಮುಂದಿನ ಹಂದರದಲ್ಲಿ ಜರುಗುತ್ತಿದ್ದವು. ಹಂದರಕ್ಕೆ ನಾಲ್ಕೂ ದಿಕ್ಕುಗಳು ಬಾಗಿಲೇ. ಈಗ ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಕಲ್ಯಾಣಮಂಟಪದ ರೂಢಿಯು ಬಂದಿದೆ. ನಾಲ್ಕು ಗೋಡೆ, ಅಲಂಕಾರದ ಬಟ್ಟೆ, ಅಡಿಗೆಯ ಗ್ಯಾಸು, ವಿದ್ಯುತ್ತಿನ ದೀಪಮಾಲೆ, ಇವುಗಳ ನಡುವೆ ನೂರಾರು ಜನರು. ಅದರ ಜೊತೆಗೆ ಧ್ವನಿವರ್ಧಕದ ಅಬ್ಬರವೊಂದು. ನೆರೆಯ ಮನೆಯಲ್ಲಿ ರೋಗಿಯಿರಬಹುದು, ಪರೀಕ್ಷೆಗೆ ಓದುವ ಬಾಲಕನಿರಬಹುದು. ಅವರ ದೂರು ನ್ಯಾಯವಾದುದೇ. ಸದ್ದು ಹೊರಗೆ ಹೋಗದಂತೆ ಬಾಗಿಲು ಬಿಗಿಯಾಗಿ ಮುಚ್ಚಬೇಕು. ಆಪತ್ತಿನಲ್ಲಿ ಜನರು ಹೊರಗೆ ಹೋಗುವಂತೆ ಅದೇ ಬಾಗಿಲು ಸುಲಭವಾಗಿ ತೆರೆಯಬೇಕು. ಇವೆರಡೂ ಪರಸ್ಪರ ವಿರುದ್ಧವೆಂದು ತೋರಿದರೂ, ವಿಚಾರಿಸಿ ನೋಡಿದರೆ ವಿರೋಧವಿಲ್ಲ.

ನಮ್ಮ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳ ಬಾಗಿಲನ್ನು ನೋಡಿರಿ. ತೋಳಗಲದ ಗೋಡೆ, ದಪ್ಪ ಹಲಗೆಯ ಕದ, ಒಳಗಿನಿಂದ ಅಗುಳಿ. ಕದವು ಒಳಕ್ಕೆ ತೆರೆಯುವದು. ಕಳ್ಳನನ್ನು ತಡೆಯುವದಕ್ಕೆ ಅದು ಸರಿಯಾದ ಕ್ರಮವೇ. ಮನೆಯೊಳಗಿನ ಎಂಟು ಹತ್ತು ಜನರು ಅಗುಳಿ ಸರಿಸಿ ಹೊರಬರಬಲ್ಲರು. ಆದರೆ ಇದೇ ಮಾದರಿಯನ್ನು ಸಭಾಗೃಹಕ್ಕೆ ಹಚ್ಚಿದರೆ ಅನರ್ಥವಾಗುವದು. ಹಿಂದಿನವರು ನೂಕುವಾಗ ಮುಂದಿನವನಿಗೆ ಕದವನ್ನು ತನ್ನತ್ತ ಎಳೆದುಕೊಳ್ಳುವಷ್ಟು ಸ್ಥಳವೇ ಉಳಿಯದು.

ಇದು ಬರಿಯ ಊಹೆಯಲ್ಲ. 1883ರ ಜೂನ್ 16ರಂದು ಇಂಗ್ಲಂಡದ ಸಂಡರ್ಲ್ಯಾಂಡ್ ಎಂಬ ಊರಿನ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳ ವಿನೋದಕೂಟವಿತ್ತು. ಕೊನೆಗೆ ಆಟಿಕೆ ಹಂಚುವರೆಂದು ಕೇಳಿ ಮೇಲಂತಸ್ತಿನ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಳಕ್ಕೆ ತೆರೆಯುವಂಥದು. ಅದನ್ನೂ ಕಿರಿದಾದ ಸಂದಿಯಷ್ಟೇ ಬಿಟ್ಟು ಅಗುಳಿಯಿಂದ ಬಿಗಿಯಲಾಗಿತ್ತು. 183 ಮಕ್ಕಳು ಅಲ್ಲಿ ಉಸಿರುಗಟ್ಟಿ ಸತ್ತರು. ಬೆಂಕಿಯ ಕಿಡಿಯೂ ಅಲ್ಲಿರಲಿಲ್ಲ, ಬಾಗಿಲೊಂದೇ ಸಾಕಾಯಿತು. ಈ ಘಟನೆಯ ತರುವಾಯ ರಾಬರ್ಟ್ ಬ್ರಿಗ್ಸ್ ಎಂಬಾತನು ಮೈಭಾರದಿಂದ ಒತ್ತಿದೊಡನೆ ಕಳಚಿಕೊಳ್ಳುವ ಅಡ್ಡಸರಳಿನ ಅಗುಳಿಯನ್ನು ಕಲ್ಪಿಸಿ 1892ರಲ್ಲಿ ಅದರ ಹಕ್ಕನ್ನು ಪಡೆದನು. ಈಗ ಪ್ಯಾನಿಕ್ ಬಾರ್ ಎಂದು ಅಂಗಡಿಯಲ್ಲಿ ದೊರೆಯುವ ಸಾಧನವು ಇದೇ ಜಾತಿಯದು.

ನಮ್ಮ ದೇಶದ ಅನುಭವವೂ ಕಡಮೆಯದಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಒಂದು ಮದುವೆಯ ಮಂಟಪದಲ್ಲಿಯೇ ಶಾಲೆಯ ಸಮಾರಂಭ ನಡೆದಾಗ ಮೇಲುಕಟ್ಟಿನ ಬಟ್ಟೆಗೆ ಬೆಂಕಿ ತಗುಲಿ 400ಕ್ಕೂ ಹೆಚ್ಚು ಜನರು ಮಡಿದರು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನರು ಸತ್ತುದು ಹೆಚ್ಚಾಗಿ ಉರಿಯಿಂದಲ್ಲ, ಹೊಗೆಯಿಂದ. ಬಾಲ್ಕನಿಯಿಂದ ಹೊರಬೀಳುವ ದಾರಿಗಳು ಅವರಿಗೆ ಒದಗಲಿಲ್ಲ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ 2010ರ ಫೆಬ್ರವರಿ 23ರಂದು 9 ಜನರು ಅಸುನೀಗಿದರು. ಅಲ್ಲಿಯೂ ಮೇಲೇರಿದ ಹೊಗೆಯೇ ಯಮನಾಯಿತು.

ಆದುದರಿಂದ ತಕ್ಕ ಬಾಗಿಲಿನ ಲಕ್ಷಣವನ್ನು ಹೇಳುವೆನು. ಅದು ಹೊರಕ್ಕೆ ತೆರೆಯಬೇಕು. ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯಬೇಕು. ಸಭಾಗೃಹದ ಹೊರಬಾಗಿಲು 2 ಮೀಟರಿಗಿಂತ ಕಿರಿದಾಗಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯು ವಿಧಿಸಿದೆ. ಎಳೆದು ಇಳಿಸುವ ಶಟರು, ಪಕ್ಕಕ್ಕೆ ಸರಿಯುವ ಕದ ಇವು ಈ ಕಾರ್ಯಕ್ಕೆ ಸಲ್ಲವು. ಒಂದೇ ಬಾಗಿಲಿದ್ದರೆ ಬೆಂಕಿಯು ಅದರ ಬಳಿಯಲ್ಲಿಯೇ ಹುಟ್ಟಬಹುದು. ಆದ್ದರಿಂದ ಎರಡಾದರೂ ಬಾಗಿಲುಗಳು ಒಂದಕ್ಕೊಂದು ದೂರವಾಗಿರತಕ್ಕದ್ದು.

ಇನ್ನು ಸದ್ದಿನ ವಿಚಾರ. ಸದ್ದನ್ನು ತಡೆಯುವದು ಕದದ ತೂಕ ಮತ್ತು ಸಂದಿಲ್ಲದಿರುವಿಕೆ. ಕದದ ತೂಕವನ್ನು ಇಮ್ಮಡಿಸಿದರೆ ಸುಮಾರು 5–6 ಡೆಸಿಬೆಲ್‌ಗಳಷ್ಟೇ ಲಾಭ. ಆದರೆ ಬಾಗಿಲಿನ ವಿಸ್ತಾರದ ನೂರರಲ್ಲೊಂದು ಪಾಲು ಸಂದು ಉಳಿದರೂ, ಕದವು ಎಷ್ಟೇ ಭಾರವಾಗಿರಲಿ, ಸದ್ದು 20 ಡೆಸಿಬೆಲ್‌ಗಿಂತ ಹೆಚ್ಚು ಇಳಿಯದು. ಹೊಗೆ ನುಸುಳುವದೂ ಅದೇ ಸಂದಿನಿಂದ. ಆದುದರಿಂದ ಚೌಕಟ್ಟಿನ ಸುತ್ತ ಸಂದು ಮುಚ್ಚುವ ಪಟ್ಟಿಯು ಎರಡು ಕಾರ್ಯಗಳನ್ನೂ ಸಾಧಿಸುವದು. ಅಗ್ನಿನಿರೋಧಕ ಬಾಗಿಲಿಗೆ ಮಾತ್ರ ಬರಿಯ ರಬ್ಬರು ಸಾಲದು. ಕಾವು ತಗಲಿದೊಡನೆ ಉಬ್ಬಿ ಸಂದನ್ನು ತುಂಬುವ ವಿಶೇಷ ಪಟ್ಟಿಯು ಬೇಕು.

ಕದವು ಅತಿ ಭಾರವಾದರೆ ಅಜ್ಜಿಯೂ ಮಗುವೂ ತೆರೆಯಲಾರರು. ಇದಕ್ಕೆ ಉಪಾಯವೆಂದರೆ ಒಂದು ಹೆಬ್ಬಾಗಿಲಿಗೆ ಬದಲು ನಡುವೆ ಸಣ್ಣ ಅಂಕಣವನ್ನು ಬಿಟ್ಟು ಸಾಧಾರಣ ತೂಕದ ಎರಡು ಬಾಗಿಲುಗಳನ್ನು ಒಂದರ ಮುಂದೊಂದು ಇಡುವದು. ಎರಡೂ ಹೊರಕ್ಕೇ ತೆರೆಯಬೇಕು, ತಾವಾಗಿಯೇ ಮುಚ್ಚಿಕೊಳ್ಳಬೇಕು. ಆ ಅಂಕಣದಲ್ಲಿ ಕುರ್ಚಿಗಳನ್ನೂ ಪಾತ್ರೆಗಳನ್ನೂ ಒಟ್ಟುವದು ಮಹಾಪರಾಧ.

ಬಾಗಿಲಿನಿಂದಲೇ ಸದ್ದೆಲ್ಲ ಅಡಗುವದೆಂಬ ಭ್ರಾಂತಿಯೂ ಬೇಡ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಮಿತಿಯು ಹಗಲು 55, ರಾತ್ರಿ 45 ಡೆಸಿಬೆಲ್. ಒಳಗೆ 100 ಡೆಸಿಬೆಲ್ ಮೊಳಗಿದರೆ, 30ನ್ನು ಕಳೆಯುವ ಒಳ್ಳೆಯ ಬಾಗಿಲೂ ತನ್ನ ಹೊರಮಗ್ಗುಲಿಗೆ 70ನ್ನು ಬಿಡುವದು. ಉಳಿದ ಲೆಕ್ಕವನ್ನು ಯಂತ್ರದ ಗುಂಡಿಯನ್ನು ತಿರುವಿಯೇ ಸರಿಮಾಡಬೇಕು. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದ್ದು, ಮುಚ್ಚಿದ ಸಭಾಗೃಹದ ಒಳಬಳಕೆಗೆ ಮಾತ್ರ ವಿನಾಯಿತಿಯಿದೆ. ಮುಚ್ಚಿದ ಎಂದರೆ ಬೀಗ ಹಾಕಿದ ಎಂದು ಯಾರೂ ಅರ್ಥ ಮಾಡಬಾರದು.

ವಾಚಕರೇ, ಮಂಟಪವನ್ನು ಗೊತ್ತುಪಡಿಸುವಾಗ ನಾವು ಊಟದ ಎಲೆಯ ದರವನ್ನು ಕೇಳುತ್ತೇವೆ, ನೀರನ್ನು ವಿಚಾರಿಸುತ್ತೇವೆ. ಇನ್ನು ಮೇಲೆ ಮನೆಯ ಹಿರಿಯ ಹೆಣ್ಣುಮಗಳೊಬ್ಬಳನ್ನು ಕರೆದೊಯ್ದು, ಅವಳ ಕೈಯಿಂದ ಪ್ರತಿಯೊಂದು ಬಾಗಿಲನ್ನೂ ನೂಕಿಸಿ ನೋಡಿರಿ. ಅವಳು ತೆರೆಯಲಾರದ ಬಾಗಿಲನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಮದುವೆಯ ದಿವಸ ಅಲಂಕಾರದವರು ಯಾವ ಬಾಗಿಲಿಗೂ ಪರದೆ ಕಟ್ಟದಂತೆ ನೋಡಿಕೊಳ್ಳಿರಿ; ದೀಪ ಹೋದರೂ ಕಾಣುವಂತೆ ಬಾಗಿಲ ಮೇಲೆ ಬ್ಯಾಟರಿಯ ದೀಪವೊಂದನ್ನು ಬೇಡಿ ಇರಿಸಿಕೊಳ್ಳಿರಿ; ವೃದ್ಧರನ್ನೂ ಬಾಣಂತಿಯರನ್ನೂ ಬಾಗಿಲಿಗೆ ಹತ್ತಿರ ಕೂಡ್ರಿಸಿರಿ. ಬೀಗರನ್ನು ಎದುರುಗೊಳ್ಳಲು ಹುಡುಗರನ್ನು ನೇಮಿಸುವಂತೆ, ಹಿಂದಿನ ಬಾಗಿಲಲ್ಲಿಯೂ ನಂಬಿಗೆಯ ಇಬ್ಬರನ್ನು ನಿಲ್ಲಿಸಿರಿ. ಕರೆದವನೇ ದಾರಿಯನ್ನೂ ತೋರಿಸಬೇಕು. ಆತಿಥ್ಯವು ಊಟದೊಂದಿಗೆ ಮುಗಿಯುವದಿಲ್ಲ, ಅತಿಥಿಯು ಕ್ಷೇಮವಾಗಿ ಮನೆ ಸೇರಿದಾಗ ಮುಗಿಯುವದು.