ದೂರದಿಂದ ಮನೆಯ ಕ್ಯಾಮೆರಾ ಕಾಣದಿದ್ದಲ್ಲಿ: ಕಾರಣ ಮತ್ತು ಪರಿಹಾರ

ಉದ್ಯಾವರ, ಕಾಪು ಸುತ್ತಲಿನ ಅನೇಕ ಕುಟುಂಬಗಳ ಮಕ್ಕಳು ಮುಂಬಯಿಯಲ್ಲೋ ಗಲ್ಫ್ ದೇಶಗಳಲ್ಲೋ ನೆಲೆಸಿದ್ದಾರೆ. ಊರಿನಲ್ಲಿರುವ ವೃದ್ಧ ತಂದೆತಾಯಿಯನ್ನೂ ಹಟ್ಟಿಯ ದನಗಳನ್ನೂ ಗಮನಿಸಲು ಇಂತಹ ಮನೆಗಳಲ್ಲಿ ಕ್ಯಾಮೆರಾ ಅಳವಡಿಸುವುದುಂಟು. ಆದರೆ ಮನೆಯೊಳಗೆ ಕಾಣುವ ಚಿತ್ರ ಹೊರಗಿನಿಂದ ಕಾಣದಿರುವುದು ಸಾಮಾನ್ಯ ತೊಂದರೆ.

ಕಾರಣ: ಕ್ಯಾಮೆರಾದ ವಿಳಾಸ ಮನೆಯೊಳಗೆ ಮಾತ್ರ ನಡೆಯುತ್ತದೆ. ಕಾಲುವೆಯ ನೀರನ್ನು ಬೇಕಾದ ಮಡಿಗೆ ತಿರುಗಿಸುವಂತೆ, ಹೊರಗಿನ ಕರೆಯನ್ನು ರೂಟರು ಕ್ಯಾಮೆರಾಕ್ಕೆ ತಿರುಗಿಸಬೇಕು. ಇದೇ ಪೋರ್ಟ್ ಫಾರ್ವರ್ಡಿಂಗ್.

ಮೊದಲ ಪರೀಕ್ಷೆ: ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ ನೋಡಬೇಕು. ಅದು 10ರಿಂದ, ಅಥವಾ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ, ಇಂಟರ್ನೆಟ್ ಕಂಪನಿಯು ಹಲವು ಗ್ರಾಹಕರಿಗೆ ಒಂದೇ ಹೊರ ವಿಳಾಸ ಹಂಚಿರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ರೂಟರಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಕಂಪನಿಯಿಂದ ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು. 192.168 ಎಂದಿದ್ದರೆ ಮನೆಯಲ್ಲೇ ಎರಡು ರೂಟರುಗಳು ಒಂದರ ಹಿಂದೊಂದು ಇರಬಹುದು.

ವಿಳಾಸ ಸರಿಯಿದ್ದರೆ ಅನುಸರಿಸಬೇಕಾದ ಕ್ರಮಗಳು:

1. ಕ್ಯಾಮೆರಾದ ಒಳವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಬೇಕು.
2. ಪೋರ್ಟ್ ಸಂಖ್ಯೆ ಎರಡೂ ಕಡೆ ತಾಳೆಯಾಗಬೇಕು.
3. ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಪರೀಕ್ಷಿಸಬೇಕು.
4. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದಾಗ ಹೊರ ವಿಳಾಸ ಬದಲಾಗಬಹುದು. ಇದಕ್ಕೆ ಡೈನಮಿಕ್ ಡಿಎನ್‌ಎಸ್ ಸೇವೆ ಸೂಕ್ತ.

ಎಚ್ಚರಿಕೆ: ತೆರೆದ ಪೋರ್ಟ್ ಮಗನಿಗಷ್ಟೇ ಅಲ್ಲ, ಕಳ್ಳನಿಗೂ ತೆರೆದ ಬಾಗಿಲು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ ಮೊದಲಾದ ಉಪಕರಣಗಳನ್ನು ವಶಪಡಿಸಿಕೊಂಡಿತು. ಆದುದರಿಂದ ಮೊದಲು ಪಾಸ್‌ವರ್ಡ್ ಬದಲಿಸಬೇಕು. ಸಾಧ್ಯವಿದ್ದಲ್ಲಿ ಪೋರ್ಟ್ ತೆರೆಯದೆ, ತಯಾರಕರ ಆ್ಯಪ್ ಮೂಲಕವೇ ನೋಡುವುದು ಲೇಸು. ಹಂಚಿಕೆಯ ವಿಳಾಸವಿರುವ ಮನೆಗಳಲ್ಲೂ ಇದು ಸಾಮಾನ್ಯವಾಗಿ ನಡೆಯುತ್ತದೆ.